ಚಳಿಗಾಲದ ಕಡಲ ಬಂಡೆದಾರಿ: ಹವಾಮಾನ ಮತ್ತು ಹಕ್ಕಿಗಳನ್ನು ಒಟ್ಟಿಗೆ ದಾಖಲಿಸುವುದು ಹೇಗೆ?

ತೆರೆನೋಟ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ನಮಸ್ಕಾರ. ಉತ್ತರ ಅಟ್ಲಾಂಟಿಕ್‌ಗೆ ಮುಖ ಮಾಡಿರುವ ಕರಾವಳಿಯಲ್ಲಿ, ಕಡಿದಾದ ಬಂಡೆಯ ನೆತ್ತಿಯುದ್ದಕ್ಕೂ ಸಾಗುವ ಒಂದು ಕಾಲುದಾರಿಯಲ್ಲಿ ಈ ಚಳಿಗಾಲ ಹವಾಮಾನದ ಮತ್ತು ಹಕ್ಕಿಗಳ ದಾಖಲೆ ಇಡಬೇಕು ಅಂತಿದ್ದೇನೆ. ದಾರಿ 4 ಕಿ.ಮೀ., ಸಮುದ್ರಮಟ್ಟದಿಂದ ಸುಮಾರು 40 ಮೀಟರ್ ಎತ್ತರ, ಬಂಡೆಯ ಮುಖ ಪಶ್ಚಿಮಕ್ಕೆ. ಡಿಸೆಂಬರ್‌ನಿಂದ ಫೆಬ್ರವರಿ ಕೊನೆಯವರೆಗೆ ವಾರಕ್ಕೊಮ್ಮೆ ಹೋಗುವ ಯೋಚನೆ. 8×42 ಬೈನಾಕ್ಯುಲರ್ (8 ಪಟ್ಟು ಹಿಗ್ಗಿಸುವ ದುರ್ಬೀನು), 20–60× ಸ್ಕೋಪ್ (ಒಂದೇ ಕಣ್ಣಿನಿಂದ ನೋಡುವ, ಇನ್ನೂ ಹೆಚ್ಚು ಹಿಗ್ಗಿಸುವ ದೂರದರ್ಶಕ), ಟ್ರೈಪಾಡ್, ಕೈಯಲ್ಲಿ ಹಿಡಿಯುವ ಗಾಳಿಮಾಪಕ ಇವೆ. ಫೋನಿನಲ್ಲಿ ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಇದೆ.

ಗೊಂದಲ ಇರುವುದು ಇಲ್ಲಿ. ಗಾಳಿಮಾಪಕ ಬಂಡೆಯಂಚಿನ ಹತ್ತಿರ ಒಂದು ಓದು ಕೊಡುತ್ತದೆ, ಹತ್ತು ಹೆಜ್ಜೆ ಹಿಂದೆ ಬಂದರೆ ಇನ್ನೊಂದು. ಯಾವುದನ್ನು ಬರೆಯಬೇಕು? ಸಮುದ್ರದ ಮೇಲೆ ಹಾರುವ ಹಕ್ಕಿ ಎಷ್ಟು ದೂರದಲ್ಲಿದೆ ಅಂತ ಅಂದಾಜು ಮಾಡುವುದಕ್ಕೆ ನಂಬಬಹುದಾದ ದಾರಿ ಇದೆಯೇ? ಎಂಥ ದಿನ, ಎಷ್ಟು ಹೊತ್ತಿಗೆ ಹೋದರೆ ಹಕ್ಕಿಗಳು ಹೆಚ್ಚು ಸಿಗುತ್ತವೆ? ಮತ್ತೆ, ದೂರದಲ್ಲಿ ಫುಲ್ಮರ್ ಮತ್ತು ಗಲ್ (ಎರಡೂ ಬಿಳಿ-ಬೂದು ಕಡಲಹಕ್ಕಿಗಳು), ಶ್ಯಾಗ್ (ನೀರುಕಾಗೆಯನ್ನೇ ಹೋಲುವ ಕಡಲಹಕ್ಕಿ) ಮತ್ತು ನೀರುಕಾಗೆ, ಇವುಗಳನ್ನು ಬೇರ್ಪಡಿಸುವುದು ಹೇಗೆ?

ಮಾರುತಪಥ

ಗಾಳಿಯ ವಿಷಯ ಮೊದಲು ಹೇಳುತ್ತೇನೆ. ಉಳಿದದ್ದೆಲ್ಲ ಅದರ ಮೇಲೇ ನಿಂತಿದೆ.

ಎರಡು ಓದು ಬರುವುದು ಮಾಪಕದ ದೋಷ ಅಲ್ಲ. ಕಡಲಿಂದ ಬರುವ ಗಾಳಿ ಬಂಡೆಯ ಮುಖಕ್ಕೆ ಬಡಿದು ಮೇಲಕ್ಕೆ ತಿರುಗುತ್ತದೆ, ಅಂಚಿನ ತುದಿಯಲ್ಲಿ ವೇಗ ಹೆಚ್ಚಿಸಿಕೊಂಡು ನಿಮ್ಮ ತಲೆಯ ಮೇಲಿಂದ ಹಾರಿಹೋಗುತ್ತದೆ. ಅಂಚಿನ ಒಳಬದಿಯಲ್ಲಿ ನೆಲಕ್ಕೆ ಹತ್ತಿರ ಸುಳಿಯಾಡುವ ಒಂದು ಮಂದ ಪಟ್ಟಿ ಉಳಿದುಬಿಡುತ್ತದೆ. ಅಲ್ಲಿ ಕೂತರೆ ಟೋಪಿಯೂ ಅಲುಗುವುದಿಲ್ಲ, ಕೆಲವು ಸಲ ಹುಲ್ಲು ಕಡಲ ಕಡೆಗೇ ಬಾಗುತ್ತದೆ. ಇನ್ನಷ್ಟು ಹಿಂದೆ ಗಾಳಿ ಮತ್ತೆ ನೆಲ ಮುಟ್ಟುತ್ತದೆ, ಆದರೆ ಚೂರುಚೂರಾಗಿ, ಬಿಟ್ಟುಬಿಟ್ಟು ಬೀಸುತ್ತದೆ. ಈ ಮೂರು ಜಾಗಗಳಲ್ಲಿ ಒಂದರಲ್ಲೂ ತೆರೆದ ಕಡಲ ಮೇಲಿನ ನಿಜವಾದ ಗಾಳಿ ಸಿಗುವುದಿಲ್ಲ.

ಹಾಗಾಗಿ ಪುಸ್ತಕದಲ್ಲಿ ಗಾಳಿಗೆ ಮೂರು ಬೇರೆ ಬೇರೆ ಸಾಲು ಇರಲಿ. ಒಂದು, ಹತ್ತಿರದ ಹವಾಮಾನ ಕೇಂದ್ರದ ಆ ಗಂಟೆಯ ಸರಾಸರಿ ಮತ್ತು ದಿಕ್ಕು. ಅಧಿಕೃತ ಕೇಂದ್ರಗಳು 10 ಮೀಟರ್ ಎತ್ತರದಲ್ಲಿ 10 ನಿಮಿಷದ ಸರಾಸರಿ ತೆಗೆಯುತ್ತವೆ, ನಿಮ್ಮ ಮಾಪಕ ತಲೆಯೆತ್ತರದಲ್ಲಿ ಕೆಲವು ಸೆಕೆಂಡಿನದ್ದನ್ನು ತೋರಿಸುತ್ತದೆ. ಎರಡನ್ನೂ ಒಂದೇ ಕಾಲಂನಲ್ಲಿ ಸೇರಿಸಿದರೆ ಲೆಕ್ಕ ಕೆಟ್ಟಿತು ಅಂತಲೇ. ಎರಡು, ಕಡಲನ್ನು ನೋಡಿ ಓದಿದ ಬ್ಯೂಫರ್ಟ್ ಸಂಖ್ಯೆ (ಗಾಳಿಯ ಬಲಕ್ಕೆ 0ಯಿಂದ 12ರವರೆಗೆ ಅಂಕ ಕೊಡುವ ಅಳತೆ). ಮೂರು, ನಿಮ್ಮ ಮಾಪಕದ ಓದು: ಪ್ರತಿ ಸಲವೂ ಅದೇ ಕಂಬ ಅಥವಾ ಅದೇ ಕಲ್ಲಿನ ಪಕ್ಕ ನಿಂತು, ತೋಳನ್ನು ತಲೆಯ ಮೇಲೆ ಚಾಚಿ, 2 ನಿಮಿಷದ ಸರಾಸರಿ ಮತ್ತು ಅತಿ ಹೆಚ್ಚಿನ ಹೊಡೆತ. ಇದನ್ನು ‘ದಾರಿಯ ಓದು’ ಅಂತಲೇ ಬರೆಯಿರಿ. ಅದು ಕಡಲಿನ ಗಾಳಿಯ ಅಳತೆ ಅಲ್ಲ, ಆದರೆ ಒಂದು ವಾರಕ್ಕೂ ಇನ್ನೊಂದು ವಾರಕ್ಕೂ ಹೋಲಿಸಲು ಚೆನ್ನಾಗಿ ಉಪಯೋಗಕ್ಕೆ ಬರುತ್ತದೆ. ದಿಕ್ಕು ಅಂದರೆ ಗಾಳಿ ಬರುವ ದಿಕ್ಕು, ಹೋಗುವ ದಿಕ್ಕಲ್ಲ.

ಬ್ಯೂಫರ್ಟ್ ಓದಲು ನೊರೆ ನೋಡಿ. ಅಲ್ಲೊಂದು ಇಲ್ಲೊಂದು ಬಿಳಿ ನೊರೆ ಕಾಣಿಸಿದರೆ 3, ಗಂಟೆಗೆ 12–19 ಕಿ.ಮೀ. ನೊರೆ ಸಾಮಾನ್ಯವಾಗಿ ಎಲ್ಲೆಡೆ ಕಾಣಿಸಿದರೆ 4. ಬಹಳಷ್ಟು ಅಲೆಗಳ ತಲೆ ಬಿಳಿಯಾಗಿ, ಸ್ವಲ್ಪ ತುಂತುರು ಹಾರಿದರೆ 5, ಅಂದರೆ 29–38. ನೊರೆ ಗಾಳಿಯ ದಿಕ್ಕಿನಲ್ಲಿ ಉದ್ದುದ್ದ ಗೆರೆಗಳಾಗಿ ಎಳೆದುಕೊಳ್ಳಲು ಶುರುವಾದರೆ 7, ಅಂದರೆ 50–61. ಎತ್ತರದಿಂದ ನೋಡುವವರು ಒಂದು ಸಂಖ್ಯೆ ಕಡಿಮೆ ಬರೆಯುವುದು ಸಾಮಾನ್ಯ, ಯಾಕೆಂದರೆ ಮೇಲಿನಿಂದ ಅಲೆ ಚಪ್ಪಟೆಯಾಗಿ ಕಾಣುತ್ತದೆ. ಅಲೆಯ ಎತ್ತರ ಬಿಟ್ಟು ನೊರೆಯನ್ನೇ ನಂಬಿ. ಗಾಳಿ ನೆಲದಿಂದ ಕಡಲಿಗೆ ಬೀಸುವ ದಿನ ಬಂಡೆಯ ಬುಡದ ನೀರು ಕನ್ನಡಿಯಂತಿರುತ್ತದೆ, ಆವತ್ತು ಒಂದೆರಡು ಕಿ.ಮೀ. ಆಚೆಯ ನೀರನ್ನು ಓದಬೇಕು.

ಒತ್ತಡ: ಸಮುದ್ರಮಟ್ಟದ ಹತ್ತಿರ ಸುಮಾರು 8 ಮೀಟರ್ ಏರಿದರೆ 1 ಹೆಕ್ಟೊಪ್ಯಾಸ್ಕಲ್ ಇಳಿಯುತ್ತದೆ. ನಿಮ್ಮ 40 ಮೀಟರಿಗೆ 5 ಸೇರಿಸಿಕೊಳ್ಳಿ. ಆದರೆ ಸಂಖ್ಯೆಗಿಂತ ಅದರ ಓಟ ಮುಖ್ಯ. 3 ಗಂಟೆಯಲ್ಲಿ 3.6ರಿಂದ 6 ಹೆಕ್ಟೊಪ್ಯಾಸ್ಕಲ್ ಇಳಿದರೆ ನಾವಿಕರ ಮುನ್ಸೂಚನೆಯಲ್ಲಿ ಅದನ್ನು ‘ಬೇಗ ಇಳಿಯುತ್ತಿದೆ’ ಅನ್ನುತ್ತಾರೆ, 6 ದಾಟಿದರೆ ‘ಅತಿ ಬೇಗ’. ಉತ್ತರಾರ್ಧಗೋಳದಲ್ಲಿ ಗಾಳಿಗೆ ಬೆನ್ನು ಮಾಡಿ ನಿಂತರೆ ಕಡಿಮೆ ಒತ್ತಡದ ಕೇಂದ್ರ ನಿಮ್ಮ ಎಡಗಡೆಗೆ. ಪಶ್ಚಿಮದಿಂದ ವಾಯುಭಾರ ಕುಸಿತ ಹತ್ತಿರ ಬರುವಾಗ ಎಳೆಎಳೆಯ ಎತ್ತರದ ಮೋಡ, ಆಮೇಲೆ ಸೂರ್ಯನ ಸುತ್ತ ಬಳೆ, ಆಮೇಲೆ ಬೂದು ಹೊದಿಕೆ. ಜೊತೆಗೆ ಗಾಳಿ ದಕ್ಷಿಣ ಅಥವಾ ಆಗ್ನೇಯಕ್ಕೆ ತಿರುಗುತ್ತದೆ. ಶೀತ ಮುಖ (ಮುನ್ನುಗ್ಗಿ ಬರುವ ತಣ್ಣಗಿನ ಗಾಳಿಯ ಮುಂಚೂಣಿ) ದಾಟಿದ ಕೂಡಲೇ ಗಾಳಿ ವಾಯವ್ಯಕ್ಕೆ ಹೊರಳಿ, ಒತ್ತಡ ಏರಿ, ಗಾಳಿ ತೊಳೆದಿಟ್ಟ ಹಾಗೆ ನಿಚ್ಚಳವಾಗುತ್ತದೆ. ಈ ಕೊನೆಯ ಹಂತವನ್ನು ಗಂಟೆಯ ಸಮೇತ ಗುರುತು ಹಾಕಿಕೊಳ್ಳಿ. ಹಕ್ಕಿಗಳ ಬಗ್ಗೆ ಬರೆಯುವವರು ಇದಕ್ಕೆ ವಾಪಸು ಬರುತ್ತಾರೆ.

ಇನ್ನೊಂದು ಅಳತೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ: ಅಲೆಯ ಅವಧಿ. ದೂರದ ಒಂದೇ ಬಂಡೆ ಅಥವಾ ತೇಲುಗುರುತನ್ನು ದಾಟುವ ಅಲೆಯ ನೆತ್ತಿಗಳನ್ನು ಎಣಿಸಿ, ಮೊದಲನೆಯದರಿಂದ 11ನೆಯದರವರೆಗಿನ ಸಮಯವನ್ನು 10ರಿಂದ ಭಾಗಿಸಿ. 5–6 ಸೆಕೆಂಡ್ ಬಂದರೆ ಅದು ಅಲ್ಲೇ ಬೀಸುತ್ತಿರುವ ಗಾಳಿ ಎಬ್ಬಿಸಿದ ಅಲೆ. 12 ಅಥವಾ ಹೆಚ್ಚು ಬಂದರೆ ದೂರದ ಬಿರುಗಾಳಿಯಿಂದ ಹೊರಟ ಸ್ವೆಲ್. 12 ಸೆಕೆಂಡಿನ ಸ್ವೆಲ್ ಆಳ ಕಡಲಿನಲ್ಲಿ ತನ್ನ ಶಕ್ತಿಯನ್ನು ಗಂಟೆಗೆ ಸುಮಾರು 34 ಕಿ.ಮೀ. ವೇಗದಲ್ಲಿ ಸಾಗಿಸುತ್ತದೆ, ಅಂದರೆ ದಿನಕ್ಕೆ 800 ಕಿ.ಮೀ. ಎಲೆ ಅಲುಗದ ದಿನವೂ ಬುಡದಲ್ಲಿ ಭಾರಿ ಅಲೆ ಬಡಿಯುವುದಕ್ಕೆ ಕಾರಣ ಇದು. ಬಂಡೆಬುಡದ ಹಕ್ಕಿಗಳು ಆವತ್ತು ಮೇಲಿನ ಮೆಟ್ಟಿಲಿಗೆ ಏರಿರುತ್ತವೆ.

ದಿಗಂತರೇಖೆ

ದೂರದ ಪ್ರಶ್ನೆಗೆ ಉತ್ತರ ನಿಮ್ಮ ಎತ್ತರದಲ್ಲೇ ಇದೆ. 40 ಮೀಟರ್ ಎತ್ತರ ಗೊತ್ತಿರುವವರಿಗೆ ಬೇರೆ ಉಪಕರಣ ಬೇಡ.

ದಿಗಂತದ ದೂರ: ಮೀಟರಿನಲ್ಲಿ ಎತ್ತರದ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ಕಿ.ಮೀ. ಬರುತ್ತದೆ. ನಿಮಗೆ 22.6 ಕಿ.ಮೀ. ಇದು ಮಳೆಗೂ ಕೆಲಸಕ್ಕೆ ಬರುತ್ತದೆ. ಕಡಲ ಮೇಲೆ ಇಳಿದಿರುವ ಮಳೆಯ ಪರದೆ ದಿಗಂತದ ಗೆರೆಯನ್ನು ಅಳಿಸಿದ್ದರೆ ಅದು ಆ 22 ಕಿ.ಮೀ. ಒಳಗೇ ಇದೆ. ಗಂಟೆಗೆ 45 ಕಿ.ಮೀ. ವೇಗದಲ್ಲಿ ನಿಮ್ಮ ಕಡೆಗೆ ಬರುತ್ತಿದ್ದರೆ ಹೆಚ್ಚೆಂದರೆ ಅರ್ಧ ಗಂಟೆ. ಪರದೆಯ ಆಚೆ ಗೆರೆ ಇನ್ನೂ ಕಾಣುತ್ತಿದ್ದರೆ ಮಳೆ ಸಣ್ಣದು, ಆದರೆ ಹತ್ತಿರದ್ದು.

ಹಕ್ಕಿಯ ದೂರಕ್ಕೆ ದಿಗಂತದಿಂದ ಅದು ಎಷ್ಟು ಕೆಳಗಿದೆ ಅಂತ ನೋಡಿ. ತೋಳು ಪೂರ್ತಿ ಚಾಚಿ ಹಿಡಿದ ಹೆಬ್ಬೆರಳಿನ ಅಗಲ ಸುಮಾರು 2 ಡಿಗ್ರಿ, ಕಿರುಬೆರಳಿನದು 1. ನಿಮ್ಮ 40 ಮೀಟರ್ ಎತ್ತರದಿಂದ, ನೀರಿನ ಮೇಲೆ ಕೂತ ಅಥವಾ ನೀರಿಗೆ ಒರಸಿಕೊಂಡು ಹಾರುವ ಹಕ್ಕಿ ದಿಗಂತಕ್ಕಿಂತ ಒಂದು ಹೆಬ್ಬೆರಳು ಕೆಳಗಿದ್ದರೆ ಅದು 1 ಕಿ.ಮೀ. ದೂರದಲ್ಲಿದೆ. ಎರಡು ಹೆಬ್ಬೆರಳು ಕೆಳಗಿದ್ದರೆ ಅರ್ಧ ಕಿ.ಮೀ. ಒಂದು ಕಿರುಬೆರಳು ಆದರೆ 2 ಕಿ.ಮೀ. 4 ಕಿ.ಮೀ. ಆಚೆ ಈ ಕೋನ ಅರ್ಧ ಡಿಗ್ರಿಗೂ ಕಡಿಮೆ, ಅಲ್ಲಿಂದಾಚೆ ‘ದೂರ’ ಅಂತ ಬರೆದು ಬಿಡುವುದೇ ಸರಿ. ಎತ್ತರ ಎರಡರಷ್ಟಾದರೆ ಈ ದೂರಗಳೂ ಹೆಚ್ಚುಕಡಿಮೆ ಎರಡರಷ್ಟು. ಉಬ್ಬರವಿಳಿತದ ಅಂತರ 4 ಮೀಟರ್ ಇದ್ದರೆ ನಿಮ್ಮ ಅಂದಾಜು ಶೇ. 10ರಷ್ಟು ಆಚೀಚೆ ಆಗುತ್ತದೆ, ಅದಕ್ಕಿಂತ ನಿಖರತೆ ಇಲ್ಲಿ ಬೇಕಾಗಿಯೂ ಇಲ್ಲ.

ಇದೇ ಲೆಕ್ಕ ದುರ್ಬೀನಿನ ಒಳಗೂ ನಡೆಯುತ್ತದೆ. 8×42ರ ನೋಟದ ಅಗಲ ಸಾಮಾನ್ಯವಾಗಿ 7.5ರಿಂದ 8 ಡಿಗ್ರಿ. ದಿಗಂತವನ್ನು ನೋಟದ ಮೇಲಂಚಿಗೆ ತಾಗಿಸಿ ಹಿಡಿದರೆ ಕೆಳಂಚು ಸುಮಾರು 300 ಮೀಟರಿಗೆ ಬರುತ್ತದೆ. ಅಷ್ಟೂ ನೀರು ಒಂದೇ ನೋಟದಲ್ಲಿ. ಸ್ಕೋಪನ್ನು 20×ಗೆ ಇಟ್ಟು ಹೀಗೇ ಮಾಡಿದರೆ ಕೆಳಂಚು ಹತ್ತಿರಹತ್ತಿರ 1 ಕಿ.ಮೀ. ಹಾಗಾಗಿ ಬೈನಾಕ್ಯುಲರಿನಲ್ಲಿ ಹತ್ತಿರದ ಪಟ್ಟಿ, ಸ್ಕೋಪಿನಲ್ಲಿ ದೂರದ ಪಟ್ಟಿ ಅಂತ ಹಂಚಿಕೊಳ್ಳಿ. ದಿಗಂತವನ್ನು ನೋಟದ ಮಧ್ಯಕ್ಕೆ ಇಡುವ ಅಭ್ಯಾಸದಿಂದ ಅರ್ಧ ನೋಟ ಬರಿ ಆಕಾಶಕ್ಕೆ ಹೋಗುತ್ತದೆ. 40 ಮೀಟರ್ ಎತ್ತರದಲ್ಲಿ ಇದು ದೊಡ್ಡ ನಷ್ಟ, ಯಾಕೆಂದರೆ ನಿಮ್ಮ ಕಣ್ಣಿನ ಮಟ್ಟಕ್ಕಿಂತ ಕೆಳಗೆ ಹಾರುವ ಹಕ್ಕಿಗಳೆಲ್ಲ ನೀರಿನ ಹಿನ್ನೆಲೆಯಲ್ಲೇ ಕಾಣುತ್ತವೆ. ಕಪ್ಪುಬೆನ್ನಿನವು ಅದರಲ್ಲಿ ಕರಗಿಹೋಗುತ್ತವೆ. ದಾರಿಯಲ್ಲಿ ಎಲ್ಲಾದರೂ 15–20 ಮೀಟರಿಗೆ ಇಳಿಯುವ ಭದ್ರವಾದ ಜಾಗ ಇದ್ದರೆ ಕೂತು ನೋಡಲು ಅದನ್ನೇ ಆರಿಸಿ. ದೂರ ಕಡಿಮೆಯಾದರೂ ಹೆಚ್ಚು ಹಕ್ಕಿಗಳು ಆಕಾಶದ ಎದುರು ಬರುತ್ತವೆ.

ಝೂಮ್ 25–30× ದಾಟಬೇಡಿ. 60×ನಲ್ಲಿ ನೋಟ ಕಿರಿದಾಗಿ ಹಾರುವ ಹಕ್ಕಿ ಹೊರಗೇ ಉಳಿಯುತ್ತದೆ, ಗಾಳಿಗೆ ಟ್ರೈಪಾಡ್ ನಡುಗಿದ್ದೂ ದೊಡ್ಡದಾಗಿ ಕಾಣುತ್ತದೆ. ಟ್ರೈಪಾಡಿನ ಮಧ್ಯದ ಕಂಬ ಎತ್ತಲೇಬೇಡಿ. ಕಾಲುಗಳ ದಪ್ಪನೆಯ ಭಾಗ ಮಾತ್ರ ಬಿಚ್ಚಿ, ಅಗಲಿಸಿ, ನೆಲದಲ್ಲಿ ಕೂತು ನೋಡಿ. ಚೀಲವನ್ನು ಅದಕ್ಕೆ ನೇತುಹಾಕುವುದಾದರೆ ನೆಲ ತಾಗುವಂತಿರಲಿ. ಗಾಳಿಗೆ ತೂಗಾಡುವ ಚೀಲದಿಂದ ಅಲುಗಾಟ ಇನ್ನೂ ಜಾಸ್ತಿ.

ಚಳಿಗಾಲದಲ್ಲೂ ನೋಟ ಕುಣಿಯುತ್ತದೆ. ಬೆಚ್ಚಗಿನ ಕಡಲಿನ ಮೇಲೆ ತಣ್ಣಗಿನ ಗಾಳಿ ಬಂದಾಗ ದಿಗಂತ ತುಂಡುತುಂಡಾಗಿ ತೇಲಿದಂತೆ ಕಾಣಿಸಿದರೆ ಅದು ಮರೀಚಿಕೆ. ಆಗ ಝೂಮ್ ಇಳಿಸಿ, 2 ಕಿ.ಮೀ. ಒಳಗಿನದ್ದನ್ನು ಮಾತ್ರ ಎಣಿಸಿ, ಹಾಗೆ ಮಾಡಿದ್ದನ್ನು ಬರೆದಿಡಿ.

ಬಿಳಿರೆಕ್ಕೆ

ಮಾರುತಪಥ ಅವರು ಹೇಳಿದ ಶೀತ ಮುಖದಿಂದಲೇ ಶುರು ಮಾಡ್ತೀನಿ. ಪಶ್ಚಿಮಾಭಿಮುಖ ಬಂಡೆಗೆ ಒಳ್ಳೆಯ ಹೊತ್ತು ಅಂದರೆ ಪಶ್ಚಿಮದ ಬಿರುಗಾಳಿ ಬೀಸಿ, ಮುಖ ದಾಟಿ, ಗಾಳಿ ವಾಯವ್ಯಕ್ಕೆ ಹೊರಳಿ ಸ್ವಲ್ಪ ತಗ್ಗುವಾಗ. ಬಿರುಗಾಳಿಯ ನಡುವೆ ತುಂತುರಿನಲ್ಲಿ ಲೆನ್ಸೂ ನಿಲ್ಲಲ್ಲ, ಹಕ್ಕಿಯೂ ಕಾಣಲ್ಲ. ಅದು ಇಳಿಯುವಾಗ ದಡದ ಕಡೆ ತಳ್ಳಿಸಿಕೊಂಡ ಹಕ್ಕಿಗಳು ತಮ್ಮ ಜಾಗಕ್ಕೆ ವಾಪಸು ಹೊರಡುತ್ತವೆ, ನಿಮ್ಮ ಮುಂದೆಯೇ ಸಾಲಾಗಿ ಹಾದುಹೋಗುತ್ತವೆ. ಆಗಾಗ ಮಳೆ ಬಂದು ಬಿಡುವ ದಿನವೂ ಒಳ್ಳೆಯದು, ಮಳೆಯ ಪರದೆ ಹಕ್ಕಿಗಳನ್ನು ದಡದ ಹತ್ತಿರಕ್ಕೆ ತರುತ್ತದೆ. ಪೂರ್ವದ ಗಾಳಿ, ಹೊಳೆಯುವ ಬಿಸಿಲು ಇರುವ ದಿನ ನಡೆಯೋದಕ್ಕೆ ಸುಖ, ದೂರದ ಕಡಲು ಮಾತ್ರ ಖಾಲಿ. ಆವತ್ತು ಬಂಡೆಯ ಮುಖ ಮತ್ತು ಹುಲ್ಲಿನ ಹಕ್ಕಿಗಳಿಗೆ ಸಮಯ ಕೊಡಿ.

ಹೊತ್ತು: ಬೆಳಕು ಹರಿದ ಮೊದಲ ಎರಡು ಗಂಟೆ. ಸೂರ್ಯ ಬೆನ್ನ ಹಿಂದೆ ಇರೋದರಿಂದ ಪಶ್ಚಿಮದ ಕಡಲು ಬೆಳಗ್ಗೆ ಬಣ್ಣ ಸಮೇತ ಕಾಣುತ್ತೆ, ಮಧ್ಯಾಹ್ನದ ಮೇಲೆ ಎಲ್ಲವೂ ಕಪ್ಪು ನೆರಳು. ಇನ್ನೊಂದು ಕಾರಣವೂ ಇದೆ. ಗಿಲ್ಲೆಮಾಟ್‌ಗಳು (ಮುಳುಗಿ ಮೀನು ಹಿಡಿಯುವ ಕಪ್ಪು-ಬಿಳುಪು ಕಡಲಹಕ್ಕಿಗಳು) ಚಳಿಗಾಲದಲ್ಲೂ ಕೆಲವು ಬೆಳಗ್ಗೆ ಬಂಡೆಮುಖದ ಗೂಡಿನ ಚಾಚುಗಳಿಗೆ ಬಂದು ಕೂತು, ಮಧ್ಯಾಹ್ನದೊಳಗೆ ಕಡಲಿಗೆ ಹೋಗಿಬಿಡುತ್ತವೆ. ಕೆಲವಕ್ಕೆ ಡಿಸೆಂಬರ್‌ಗಾಗಲೇ ಸಂತಾನಕಾಲದ ಕಪ್ಪು ಮುಖ ಬಂದಿರುತ್ತೆ. ಹತ್ತು ಗಂಟೆಗೆ ಬಂಡೆ ತುಂಬ ಇದ್ದವು ಒಂದು ಗಂಟೆಗೆ ಒಂದೂ ಇಲ್ಲ ಅಂದರೆ ಗಾಬರಿ ಬೇಡ. ಫುಲ್ಮರ್ ಕೂಡ ನವೆಂಬರ್–ಡಿಸೆಂಬರ್‌ನಿಂದಲೇ ಚಾಚುಗಳನ್ನು ಹಿಡಿಯುತ್ತೆ. ಗ್ಯಾನೆಟ್‌ಗಳಲ್ಲಿ (ನೀರಿಗೆ ಧುಮುಕಿ ಮೀನು ಹಿಡಿಯುವ ದೊಡ್ಡ ಬಿಳಿ ಕಡಲಹಕ್ಕಿಗಳು) ಬಹಳಷ್ಟು ದಕ್ಷಿಣಕ್ಕೆ ಹೋಗಿರುತ್ತವೆ, ಜನವರಿ ಮುಗಿಯುವ ಹೊತ್ತಿಗೆ ಬಲಿತವು ವಾಪಸು ಕಾಣಿಸೋಕೆ ಶುರು.

ಈಗ ಗುರುತಿಸೋದು. ದೂರದಲ್ಲಿ ಬಣ್ಣಕ್ಕಿಂತ ಹಾರುವ ರೀತಿಯನ್ನು ನಂಬಿ. ಫುಲ್ಮರ್‌ನ ರೆಕ್ಕೆ ಮಣಿಕಟ್ಟಿನಲ್ಲಿ ಬಾಗುವುದೇ ಇಲ್ಲ. ಗಟ್ಟಿಯಾಗಿ ಚಾಚಿದ ರೆಕ್ಕೆಯಲ್ಲಿ ನಾಲ್ಕೈದು ಬೇಗಬೇಗ ಬಡಿತ, ಆಮೇಲೆ ನೀರಿಗೆ ಓರೆಯಾಗಿ ಉದ್ದನೆಯ ಜಾರಾಟ. ಕುತ್ತಿಗೆ ದಪ್ಪ, ಬಾಲ ಬೂದು, ರೆಕ್ಕೆಯ ತುದಿಯಲ್ಲಿ ಶುದ್ಧ ಕಪ್ಪು ಇಲ್ಲ, ಹೊರರೆಕ್ಕೆಯ ಮೇಲೆ ಒಂದು ಮಸುಕು ಬಿಳಿ ಮಚ್ಚೆ. ಹೆರಿಂಗ್ ಗಲ್‌ನ ರೆಕ್ಕೆ ಮಣಿಕಟ್ಟಿನಲ್ಲಿ ಮಡಚುತ್ತೆ, ಬಾಲ ಬಿಳಿ, ತುದಿ ಕಪ್ಪು. ಕಿಟಿವೇಕ್ ಕೂಡ ಗಲ್, ಆದರೆ ಚಿಕ್ಕದು, ರೆಕ್ಕೆಯ ತುದಿ ಶಾಯಿಯಲ್ಲಿ ಅದ್ದಿದಷ್ಟು ನೇರವಾಗಿ ಕಪ್ಪು, ಒಳಗೆ ಬಿಳಿ ಚುಕ್ಕೆ ಇರಲ್ಲ. ಗ್ಯಾನೆಟ್ ಬಗ್ಗೆ ಅನುಮಾನವೇ ಬರಲ್ಲ: 165–180 ಸೆಂ.ಮೀ. ರೆಕ್ಕೆಯಗಲ, ಮುಂದೆಯೂ ಹಿಂದೆಯೂ ಚೂಪು. ಮರಿಗಳು ಕಂದು, ವರ್ಷಕ್ಕೆ ಸ್ವಲ್ಪಸ್ವಲ್ಪ ಬಿಳಿಯಾಗುತ್ತವೆ. ಹಾಗಾಗಿ ಗ್ಯಾನೆಟ್ ಎಣಿಸುವಾಗ ಬಲಿತವು, ಬಲಿಯದವು ಅಂತ ಎರಡು ಕಾಲಂ.

ಶ್ಯಾಗ್ ಮತ್ತು ನೀರುಕಾಗೆ. ಇಲ್ಲಿ ನೀರುಕಾಗೆ ಅಂದರೆ ದೊಡ್ಡ ನೀರುಕಾಗೆ. ಹಾರುವಾಗ ಅದರ ಕುತ್ತಿಗೆ ದಪ್ಪ, ಸ್ವಲ್ಪ ಕೊಂಕು, ರೆಕ್ಕೆಬಡಿತ ನಿಧಾನ. ಎತ್ತರದಲ್ಲೂ ಹಾರುತ್ತೆ, ನೆಲ ದಾಟಿ ಒಳನಾಡಿಗೂ ಹೋಗುತ್ತೆ. ಶ್ಯಾಗ್ ಸಣ್ಣದು, ತೆಳು ಕುತ್ತಿಗೆ ನೇರಕ್ಕೆ, ಬಡಿತ ಚುರುಕು, ನೀರಿಗೆ ತಾಗಿಕೊಂಡೇ ಹಾರುತ್ತೆ, ನೆಲದ ಮೇಲೆ ಹಾಯೋದು ಅಪರೂಪ. ನೀರಿನಲ್ಲಿ ಮುಳುಗುವಾಗ ಶ್ಯಾಗ್ ಹೆಚ್ಚಾಗಿ ಪೂರ್ತಿ ನೆಗೆದು ಮುಳುಗುತ್ತೆ. ಹತ್ತಿರದಿಂದ ಸಿಕ್ಕರೆ ಹಣೆ ನೋಡಿ: ಶ್ಯಾಗ್‌ಗೆ ಕೊಕ್ಕು ತೆಳು, ಹಣೆ ಥಟ್ಟನೆ ಏರುತ್ತೆ. ನೀರುಕಾಗೆಗೆ ಕೊಕ್ಕು ದಪ್ಪ, ಹಣೆ ಇಳಿಜಾರು. ಚಳಿಗಾಲದ ಕೊನೆಗೆ ಶ್ಯಾಗ್ ನೆತ್ತಿಯಲ್ಲಿ ಜುಟ್ಟು ಬರುತ್ತೆ, ನೀರುಕಾಗೆಯ ತೊಡೆಯ ಮೇಲೆ ಬಿಳಿ ಮಚ್ಚೆ ಬರುತ್ತೆ.

ಗಿಲ್ಲೆಮಾಟ್ ಮತ್ತು ರೇಜರ್‌ಬಿಲ್ ಎರಡೂ ನೀರಿಗೆ ಹತ್ತಿರ, ರೆಕ್ಕೆ ಮಸುಕಾಗುವಷ್ಟು ಬೇಗ ಬಡಿಯುತ್ತಾ ಸಾಲಾಗಿ ಹೋಗುತ್ತವೆ. ಹಿಂಭಾಗ ನೋಡಿ: ರೇಜರ್‌ಬಿಲ್‌ಗೆ ಚೂಪು ಬಾಲ ಕಾಲಿಗಿಂತ ಉದ್ದ, ಬಾಲದ ಬುಡದ ಎರಡೂ ಪಕ್ಕ ಬಿಳಿ ಚೆನ್ನಾಗಿ ಕಾಣುತ್ತೆ. ಗಿಲ್ಲೆಮಾಟ್‌ಗೆ ಕಾಲು ಹೊರಚಾಚಿರುತ್ತೆ. ಒಂದು ಕಿ.ಮೀ. ಆಚೆ ಇದು ಕಾಣದಿದ್ದರೆ ‘ಆಕ್, ಜಾತಿ ಗುರುತಿಸಿಲ್ಲ’ ಅಂತ ಬರೆಯಿರಿ (ಆಕ್ ಅಂದರೆ ಈ ಎರಡೂ ಸೇರುವ ಹಕ್ಕಿಗುಂಪು). ಒಳ್ಳೆಯ ದಾಖಲೆಯಲ್ಲಿ ಈ ಸಾಲು ದೊಡ್ಡದಾಗೇ ಇರುತ್ತೆ, ಅದರಲ್ಲಿ ಸಂಕೋಚ ಬೇಡ.

ಕೆಂಪುಕೊರಳ ಡೈವರ್ (ಮುಳುಗಿ ಮೀನು ಹಿಡಿಯುವ ನೀರುಹಕ್ಕಿ) ಹಾರುವಾಗ ತಲೆ ಬೆನ್ನಿಗಿಂತ ತಗ್ಗಿ, ಬೆನ್ನು ಗೂನು. ನೀರಿನಲ್ಲಿ ಕೂತಾಗ ಕೊಕ್ಕು ಸ್ವಲ್ಪ ಮೇಲಕ್ಕೆ. ಬಂಡೆಬುಡದ ಒದ್ದೆ ಕಲ್ಲುಗಳಲ್ಲಿ ಟರ್ನ್‌ಸ್ಟೋನ್ ಮತ್ತು ಪರ್ಪಲ್ ಸ್ಯಾಂಡ್‌ಪೈಪರ್ ಅನ್ನುವ ಸಣ್ಣ ದಡಹಕ್ಕಿಗಳನ್ನು ಹುಡುಕಿ. ಇಳಿತದಲ್ಲಿ ಅವು ಚದುರಿ, ಕಲ್ಲಿನ ಬಣ್ಣಕ್ಕೆ ಸೇರಿಹೋಗುತ್ತವೆ. ಉಬ್ಬರಕ್ಕೆ ಒಂದು ಗಂಟೆ ಮುಂಚೆಯಿಂದ ಒಂದು ಗಂಟೆ ಆಮೇಲಿನವರೆಗೆ ಒಂದೇ ಕಲ್ಲಿನ ಮೇಲೆ ಗುಂಪಾಗುತ್ತವೆ, ಎಣಿಕೆಗೆ ಅದೇ ಹೊತ್ತು.

ಬಂಡೆಯಂಚಿನ ಮೇಲೇರುವ ಗಾಳಿಯನ್ನು ಮರೆಯಬೇಡಿ. ಕಡಲ ಗಾಳಿ ಇರುವ ದಿನ ಅಂಚಿನಿಂದ ಸ್ವಲ್ಪ ಹೊರಗೆ ಒಂದು ಕಿರಿದಾದ ಪಟ್ಟಿಯಲ್ಲಿ ಕೆಸ್ಟ್ರೆಲ್ ಚಾಣ ರೆಕ್ಕೆ ಬಡಿಯದೇ ನಿಂತಿರುತ್ತೆ, ರೇವನ್ ಕಾಗೆಗಳು ಮಗುಚಿ ಬೆನ್ನಡಿಯಾಗಿ ಹಾರುತ್ತವೆ. ಪೆರೆಗ್ರಿನ್ ಚಾಣವನ್ನು ಹುಡುಕೋದಕ್ಕಿಂತ ಪಾರಿವಾಳಗಳನ್ನು ನೋಡಿ. ಬಂಡೆಯಿಂದ ಎಲ್ಲವೂ ಒಮ್ಮೆಗೇ ಸಿಡಿದು ಬಿಗಿಯಾಗಿ ಗುಂಪುಗೂಡಿದರೆ ಕಣ್ಣೆತ್ತಿ ನೋಡಬೇಕು.

ತೆರೆನೋಟ

ಹೆಬ್ಬೆರಳಿನ ಲೆಕ್ಕ ಅದ್ಭುತ, ಎಲ್ಲರಿಗೂ ಧನ್ಯವಾದ. ಎರಡು ಪ್ರಶ್ನೆ ಉಳಿದಿದೆ. ನಡೆಯುತ್ತಾ ಎಣಿಸುವುದು ಮತ್ತು ಕೂತು ಎಣಿಸುವುದು, ಎರಡನ್ನೂ ಒಂದೇ ದಿನ ಮಾಡಿದರೆ ಒಂದೇ ಹಕ್ಕಿಯನ್ನು ಎರಡು ಸಲ ಬರೆದಂತೆ ಆಗುವುದಿಲ್ಲವೇ? ಅಲ್ಲಲ್ಲೇ ಸುತ್ತುತ್ತಾ ಮೀನು ಹಿಡಿಯುವ ಗ್ಯಾನೆಟ್‌ಗಳನ್ನು ಹೇಗೆ ಎಣಿಸಲಿ?

ಎಣಿಕೆಪುಸ್ತಕ

ಎರಡನ್ನೂ ಮಾಡಿ, ಆದರೆ ಎರಡು ಬೇರೆ ಪಟ್ಟಿಗಳಾಗಿ. ಕೂಡಿಸಬೇಡಿ.

ಕೂತು ಎಣಿಸುವುದು ಪೂರ್ತಿ ಒಂದು ಗಂಟೆ, 10 ನಿಮಿಷದ ಆರು ತುಂಡುಗಳಾಗಿ. ಸ್ಕೋಪನ್ನು ಒಂದು ದಿಕ್ಕಿಗೆ ನಿಲ್ಲಿಸಿ, ತೇಲುಗುರುತೋ ಬಂಡೆಯೋ ಒಂದು ಸ್ಥಿರ ಗುರುತಿನಿಂದ ದಿಗಂತಕ್ಕೆ ಒಂದು ಗೆರೆ ಕಲ್ಪಿಸಿಕೊಳ್ಳಿ. ಆ ಗೆರೆ ದಾಟಿದ ಹಕ್ಕಿ ಮಾತ್ರ ಲೆಕ್ಕಕ್ಕೆ, ಎಡಕ್ಕೆ ಹೋದದ್ದು ಒಂದು ಕಾಲಂ, ಬಲಕ್ಕೆ ಹೋದದ್ದು ಇನ್ನೊಂದು. ಪಶ್ಚಿಮಕ್ಕೆ ಮುಖ ಮಾಡಿದಾಗ ಎಡ ಅಂದರೆ ದಕ್ಷಿಣ, ಬಲ ಅಂದರೆ ಉತ್ತರ. ಒಂದನ್ನು ಇನ್ನೊಂದರಿಂದ ಕಳೆಯಬೇಡಿ, ಎರಡೂ ಸಂಖ್ಯೆ ಹಾಗೇ ಉಳಿಯಲಿ. 10 ನಿಮಿಷದ ತುಂಡುಗಳ ಲಾಭ ಆಮೇಲೆ ಗೊತ್ತಾಗುತ್ತದೆ: ನಡುವೆ ಒಂದು ಮಳೆ ಹಾದುಹೋದರೆ, ಅದರ ಮುಂಚೆ ಎಷ್ಟು, ಆಮೇಲೆ ಎಷ್ಟು ಅಂತ ಪುಸ್ತಕದಲ್ಲೇ ಕಾಣುತ್ತದೆ. ಹವಾಮಾನ ಮತ್ತು ಹಕ್ಕಿಯನ್ನು ಒಂದೇ ಹಾಳೆಯಲ್ಲಿ ಬರೆಯುವುದು ಇದಕ್ಕೇ. ಗಾಳಿಯ ದಿಕ್ಕು ಬದಲಾದ ನಿಮಿಷವನ್ನು ಅದೇ ಸಾಲಿನಲ್ಲಿ ಬರೆಯಿರಿ.

ಸುತ್ತುತ್ತಿರುವ ಗ್ಯಾನೆಟ್‌ಗಳನ್ನು ಗೆರೆಯ ಲೆಕ್ಕಕ್ಕೆ ತರಬಾರದು, ಒಂದೇ ಹಕ್ಕಿ ಹತ್ತು ಸಲ ದಾಟುತ್ತದೆ. ಪ್ರತಿ ತುಂಡಿನಲ್ಲಿ ಒಮ್ಮೆ, ಒಂದೇ ಕ್ಷಣದಲ್ಲಿ ಕಂಡ ಗರಿಷ್ಠ ಸಂಖ್ಯೆ ತೆಗೆದು ‘ಬೇಟೆ’ ಅಂತ ಬೇರೆ ಸಾಲಿನಲ್ಲಿ ಹಾಕಿ. ಗಂಟೆಯ ಕೊನೆಗೆ ಆ ಆರರಲ್ಲಿ ದೊಡ್ಡದೊಂದನ್ನು ಮಾತ್ರ ಇಟ್ಟುಕೊಳ್ಳಿ.

ನಡಿಗೆಯಲ್ಲಿ ಹೋಗುವಾಗ ಮಾತ್ರ ಎಣಿಸಿ, ಬರುವಾಗ ಹೊಸ ಜಾತಿ ಕಂಡರೆ ಅದನ್ನಷ್ಟೇ ಸೇರಿಸಿ. 4 ಕಿ.ಮೀ. ಅನ್ನು ಗೇಟು, ತಿರುವು, ಹಳ್ಳ ಅಂತ ಕಣ್ಣಿಗೆ ಬೀಳುವ ಗುರುತುಗಳಿಂದ 500 ಮೀಟರಿನ ಎಂಟು ಭಾಗ ಮಾಡಿ. ಚಾಚುಗಳ ಮೇಲೆ ಕೂತ ಹಕ್ಕಿಗಳನ್ನು ಒಂದೇ ಜಾಗದಿಂದ ಮೂರು ಸಲ ಎಣಿಸಿ ಸರಾಸರಿ ತೆಗೆಯಿರಿ. ಮೂರು ಎಣಿಕೆ ಬಹಳ ದೂರ ದೂರ ಬಂದರೆ ಬಂಡೆಯನ್ನು ಬಿರುಕುಗಳ ಗುಂಟ ಸಣ್ಣ ಭಾಗ ಮಾಡಿಕೊಂಡು ಮತ್ತೆ ಎಣಿಸಬೇಕು.

ತಲೆಬರಹದಲ್ಲಿ ಇಷ್ಟು ತಪ್ಪದೇ ಇರಲಿ: ದಿನಾಂಕ, ಶುರು ಮತ್ತು ಕೊನೆ, ಎಷ್ಟು ಜನ, ಗಾಳಿಯ ಮೂರು ಸಾಲು, ಒತ್ತಡ ಮತ್ತು 3 ಗಂಟೆಯ ಬದಲಾವಣೆ, ಎಂಟರಲ್ಲಿ ಎಷ್ಟು ಭಾಗ ಆಕಾಶ ಮೋಡ, ಅಲೆಯ ಅವಧಿ, ಉಬ್ಬರದ ಸಮಯ, ಗೋಚರತೆ. ಗೋಚರತೆಗೆ ನಾವಿಕರ ಪದ್ಧತಿ ಸುಲಭ: 5 ನಾಟಿಕಲ್ ಮೈಲಿ, ಅಂದರೆ ಸುಮಾರು 9 ಕಿ.ಮೀ. ಮೀರಿದರೆ ಚೆನ್ನ, 2ರಿಂದ 5 ಮೈಲಿ ಸಾಧಾರಣ, 1 ಕಿ.ಮೀ.ಯಿಂದ 2 ಮೈಲಿ ಕಳಪೆ, 1 ಕಿ.ಮೀ. ಒಳಗೆ ಮಂಜು. ಗೋಚರತೆ ಬರೆಯದ ಪಟ್ಟಿಯಲ್ಲಿ ‘ಗ್ಯಾನೆಟ್ 0’ ಅಂದರೆ ಗ್ಯಾನೆಟ್ ಇರಲಿಲ್ಲವೋ ಕಾಣಲಿಲ್ಲವೋ ತಿಳಿಯುವುದಿಲ್ಲ. ಸೊನ್ನೆಗಳನ್ನು ಬರೆಯಿರಿ, ಖಾಲಿ ಬಿಡಬೇಡಿ. ಇಬರ್ಡ್‌ಗೆ (ಹಕ್ಕಿಪಟ್ಟಿಗಳನ್ನು ಸೇರಿಸುವ ಆನ್‌ಲೈನ್ ತಾಣ) ಹಾಕುವುದಾದರೆ ಕೂತ ಗಂಟೆ ಒಂದು ಸ್ಥಿರ ಪಟ್ಟಿ, ನಡಿಗೆ ಇನ್ನೊಂದು ಸಂಚಾರ ಪಟ್ಟಿ.

ಪೆನ್ಸಿಲ್ ಬಳಸಿ. ಒದ್ದೆ ಕಾಗದದ ಮೇಲೆ ಬಾಲ್ ಪೆನ್ನು ಹಿಡಿಯುವುದಿಲ್ಲ, ಚಳಿಗೆ ಫೋನಿನ ಬ್ಯಾಟರಿ ಬೇಗ ಕುಸಿಯುತ್ತದೆ. ಫೋನು ಒಳಜೇಬಿನಲ್ಲಿರಲಿ, ತುರ್ತಿಗೆ ಅದು ಬೇಕು.

ಮಾರುತಪಥ

ಸುರಕ್ಷತೆಯ ಬಗ್ಗೆ ಇನ್ನೂ ಯಾರೂ ಬರೆದಿಲ್ಲ, ಅದಕ್ಕೆ ಮತ್ತೆ ಬಂದೆ. ಕಡಲಿಂದ ಬರುವ ಗಾಳಿ ನಿಮ್ಮನ್ನು ನೆಲದ ಕಡೆ ತಳ್ಳುತ್ತದೆ. ಅಪಾಯ ಇರುವುದು ನೆಲದಿಂದ ಕಡಲಿಗೆ ಬೀಸುವ ಗಾಳಿಯಲ್ಲಿ, ಅದರಲ್ಲೂ ಬಿಟ್ಟುಬಿಟ್ಟು ಹೊಡೆಯುವಾಗ. ಒಳಬದಿಗೆ ವಾಲಿಕೊಂಡು ನಡೆಯುವವರಿಗೆ ಗಾಳಿ ಒಮ್ಮೆಲೇ ನಿಂತರೂ ಕಾಲು ತಪ್ಪುತ್ತದೆ. ನೆಲದ ಕಡೆಯಿಂದ ಬ್ಯೂಫರ್ಟ್ 7 ಇದ್ದರೆ ಅಂಚಿನ ದಾರಿ ಬೇಡವೇ ಬೇಡ. ಮೊದಲು ಹೇಳಿದ ಅಂಚಿನ ಆ ಮಂದ ಪಟ್ಟಿಯೂ ಮೋಸದ್ದು. ಗಾಳಿ ಇಲ್ಲವೆಂದು ಜನ ಅಲ್ಲೇ ಕೂರಲು ಹೋಗುತ್ತಾರೆ, ಆದರೆ ಅಂಚಿನ ಹುಲ್ಲಿನ ಕೆಳಗೆ ಬಂಡೆ ಒಳಗೊಳಗೇ ಕೊರೆದುಹೋಗಿರಬಹುದು, ಮೇಲಿನಿಂದ ಅದು ಕಾಣುವುದಿಲ್ಲ. ಅಂಚಿಗೆ ಸಮಾನಾಂತರವಾಗಿ ನೆಲದಲ್ಲಿ ಬಿರುಕು ಕಂಡರೆ ಅದರ ಒಳಬದಿಗೂ ಹೋಗಿ ನಿಲ್ಲಬೇಡಿ, ಇನ್ನೂ ಹಿಂದೆ ಸರಿಯಿರಿ. ಹಿಮಗಟ್ಟಿ ಕರಗಿದ ಬೆಳಗ್ಗೆ, ಎರಡು ಮೂರು ದಿನ ಬಿಡದೆ ಮಳೆ ಸುರಿದ ಮೇಲೆ ಬಂಡೆ ಉದುರುವುದು ಹೆಚ್ಚು. ಬಿರುಕಿನೊಳಗಿನ ನೀರು ಹೆಪ್ಪುಗಟ್ಟಿ ಹಿಗ್ಗಿ ಕಲ್ಲನ್ನು ಸಡಿಲಿಸಿರುತ್ತದೆ.

5 ಡಿಗ್ರಿ ಸೆಲ್ಸಿಯಸ್, ಗಂಟೆಗೆ 30 ಕಿ.ಮೀ. ಗಾಳಿ ಅಂದರೆ ಚರ್ಮಕ್ಕೆ 0 ಡಿಗ್ರಿಯಷ್ಟು. ನಡೆಯುವಾಗ ಇದು ಗೊತ್ತಾಗುವುದಿಲ್ಲ, ಒಂದು ಗಂಟೆ ಕೂತಾಗ ಬೆರಳು ಫೋಕಸ್ ತಿರುಗಿಸಲಾರದ ಸ್ಥಿತಿಗೆ ಬರುತ್ತದೆ. ಕೂರುವ ಗಂಟೆಯನ್ನು ನಡಿಗೆಗಿಂತ ಮೊದಲು ಇಟ್ಟುಕೊಳ್ಳಿ: ಬೆಳಗಿನ ಬೆಳಕೂ ಸಿಗುತ್ತದೆ, ಬೆವರಿನ ಬಟ್ಟೆಯಲ್ಲಿ ಕೂರುವುದೂ ತಪ್ಪುತ್ತದೆ. ಕೆಳಗೆ ಹಾಸಲು ದಪ್ಪ ಫೋಮ್ ತುಂಡು ಬೇಕೇ ಬೇಕು. 50 ಡಿಗ್ರಿ ಅಕ್ಷಾಂಶದಲ್ಲಿ ಡಿಸೆಂಬರಿನ ಹಗಲು ಹತ್ತಿರಹತ್ತಿರ 8 ಗಂಟೆ ಮಾತ್ರ, ವಾಪಸು ಹೊರಡುವ ಸಮಯವನ್ನು ಹೊರಡುವ ಮುಂಚೆಯೇ ಗೊತ್ತುಮಾಡಿ. ಆಲಿಕಲ್ಲು ಸುರಿಸುವ ಕಪ್ಪು ಮೋಡದಲ್ಲಿ ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಅದು 10 ಕಿ.ಮೀ. ಒಳಗಿದೆ. ನೆತ್ತಿಯಿಂದ ಇಳಿದುಬಿಡಿ, ಟ್ರೈಪಾಡ್ ಮಡಚಿಡಿ.

ಬಿಳಿರೆಕ್ಕೆ

ಉಪ್ಪಿನ ಬಗ್ಗೆ ಒಂದು ಮಾತು. ತುಂತುರು ಒಣಗಿದ ಲೆನ್ಸನ್ನು ಬಟ್ಟೆಯಿಂದ ನೇರ ಒರೆಸಿದರೆ ಉಪ್ಪಿನ ಹರಳು ಲೇಪನವನ್ನು ಗೀರುತ್ತೆ. ಮೊದಲು ಸಿಹಿನೀರಿನ ಕೆಲವು ಹನಿ ಹಾಕಿ ಕರಗಿಸಿ, ನೀರನ್ನು ಊದಿ ತೆಗೆದು, ಆಮೇಲೆ ಮೃದು ಬಟ್ಟೆ. ಸಣ್ಣ ಬಾಟಲಿಯಲ್ಲಿ ಸಿಹಿನೀರು ಚೀಲದಲ್ಲೇ ಇರಲಿ. ಬೆಚ್ಚಗಿನ ಕೋಣೆಗೆ ಹೋಗುವ ಮುಂಚೆ ದುರ್ಬೀನು, ಸ್ಕೋಪ್ ಎರಡನ್ನೂ ಚೀಲದೊಳಗೆ ಮುಚ್ಚಿ, ಒಳಗೆ ಹೋಗಿ ಒಂದೆರಡು ಗಂಟೆ ಹಾಗೇ ಬಿಡಿ, ಇಲ್ಲದಿದ್ದರೆ ಗಾಜಿನ ಮೇಲೆಲ್ಲ ನೀರಹನಿ ಕೂರುತ್ತೆ.

ಕೆಳಗಿನ ದಡದಲ್ಲಿ ಸತ್ತ ಹಕ್ಕಿ ಕಂಡರೆ ಸ್ಕೋಪಿನಲ್ಲೇ ಜಾತಿ, ಸಂಖ್ಯೆ, ಎಣ್ಣೆ ಮೆತ್ತಿದೆಯೇ ಅಂತ ನೋಡಿ ಬರೆದು, ಆ ಪ್ರದೇಶದ ಅಧಿಕಾರಿಗಳಿಗೆ ತಿಳಿಸಿ. ಕೈಯಲ್ಲಿ ಮುಟ್ಟಬೇಡಿ. 2022ರಲ್ಲಿ ಅಟ್ಲಾಂಟಿಕ್‌ನ ಗ್ಯಾನೆಟ್ ಮತ್ತು ಗ್ರೇಟ್ ಸ್ಕುವಾಗಳನ್ನು ಹಕ್ಕಿಜ್ವರ ಬಹಳ ದೊಡ್ಡ ಸಂಖ್ಯೆಯಲ್ಲಿ ಕೊಂದಿತು. ಫೆಬ್ರವರಿ ಹೊತ್ತಿಗೆ ರೇವನ್ ಗೂಡಿಗೆ ಕಡ್ಡಿ ಹೊರುವುದು ಕಂಡರೆ ಆ ಭಾಗದಲ್ಲಿ ನಿಲ್ಲದೆ ದಾಟಿ, ಗೂಡಿನ ಜಾಗವನ್ನು ಸಾರ್ವಜನಿಕ ಪಟ್ಟಿಯಲ್ಲಿ ಹಾಕಬೇಡಿ. ಉಬ್ಬರದಲ್ಲಿ ಕಲ್ಲಿನ ಮೇಲೆ ಗುಂಪಾದ ಸ್ಯಾಂಡ್‌ಪೈಪರ್‌ಗಳು ತಲೆ ಎತ್ತಿ, ಒಂದೊಂದಾಗಿ ನೀರಿನ ಕಡೆ ನಡೆಯಲು ಶುರು ಮಾಡಿದರೆ ನೀವು ಅಂಚಿಗೆ ಅತಿ ಹತ್ತಿರ, ಆಕಾಶದ ಎದುರು ಎದ್ದು ಕಾಣುತ್ತಿದ್ದೀರಿ ಅಂತ ಅರ್ಥ. ಕೂತುಕೊಂಡು ಹಿಂದೆ ಸರಿಯಿರಿ.

ದಿಗಂತರೇಖೆ

ಬೆಚ್ಚಗಿನ ಸಮುದ್ರಗಳ ಬಂಡೆದಾರಿಯಲ್ಲಿ ನೋಡುವವರೂ ಈ ಚರ್ಚೆ ಓದುತ್ತಿರಬಹುದು, ಅವರಿಗಾಗಿ ಇಷ್ಟು. ಬೆರಳಿನ ಲೆಕ್ಕ, ಗೆರೆಯ ಎಣಿಕೆ ಎಲ್ಲ ಕಡೆಯೂ ಒಂದೇ. ಹವಾಮಾನದ ಗಡಿಯಾರ ಮಾತ್ರ ಬೇರೆ. ಉಷ್ಣವಲಯದ ಒಣ ಚಳಿಗಾಲದಲ್ಲಿ ಶೀತ ಮುಖ ಕಾಯಬೇಕಾಗಿಲ್ಲ, ಬೆಳಗ್ಗೆ ನೆಲಗಾಳಿ, ಮಧ್ಯಾಹ್ನದ ಮೇಲೆ ಕಡಲಗಾಳಿ ಅಂತ ದಿನದೊಳಗೇ ತಿರುವು ಇರುತ್ತದೆ. ತಿರುಗುವ ನಿಮಿಷವನ್ನು ಗುರುತು ಹಾಕಿ. ಕಡಲಗಾಳಿ ಹಿಡಿದ ಮೇಲೆ ಗರುಡ ಮತ್ತು ಬಿಳಿಹೊಟ್ಟೆಯ ಕಡಲ ಹದ್ದು ಅಂಚಿನ ಮೇಲೇರುವ ಗಾಳಿಗೆ ಬರುತ್ತವೆ. ಬೆಳಗಿನ ಮಬ್ಬಿನಲ್ಲಿ ದಿಗಂತ ಕಾಣದಿದ್ದರೆ ಬೆರಳಿನ ಅಳತೆ ನಡೆಯುವುದಿಲ್ಲ, ದೂರ ಗೊತ್ತಿರುವ ಬಂಡೆಯನ್ನೇ ಗುರುತಾಗಿ ಇಟ್ಟುಕೊಳ್ಳಿ.

ಅಲ್ಲಿನ ದೊಡ್ಡ ರೀವಗಳಿಗೆ (ಟರ್ನ್ ಹಕ್ಕಿಗಳಿಗೆ) ಕೊಕ್ಕೇ ಗುರುತು: ಹಳದಿಯಾದರೆ ಗ್ರೇಟರ್ ಕ್ರೆಸ್ಟೆಡ್, ಕಿತ್ತಳೆಯಾದರೆ ಲೆಸ್ಸರ್ ಕ್ರೆಸ್ಟೆಡ್, ಕಪ್ಪು ಕೊಕ್ಕಿಗೆ ಹಳದಿ ತುದಿಯಾದರೆ ಸ್ಯಾಂಡ್‌ವಿಚ್, ದಪ್ಪ ಕೆಂಪಾದರೆ ಕ್ಯಾಸ್ಪಿಯನ್. ಹಿಮ್ಮುಖ ಬೆಳಕಿನಲ್ಲಿ ಹಳದಿಯೂ ಕಿತ್ತಳೆಯಾಗಿ ಕಾಣುವುದರಿಂದ, ಸೂರ್ಯ ಎದುರಿಗಿದ್ದಾಗ ಈ ಮೊದಲ ಎರಡನ್ನು ಜಾತಿ ಹೆಸರಿಟ್ಟು ಬರೆಯಬೇಡಿ.